ಕ್ಯಾಮೆರಾದ ದಾರ ಗಟ್ಟಿ ಇರಲಿ

ಬಾದಾಮಿಯ ಕೆಂಪು ಗುಡ್ಡ, ಅಗಸ್ತ್ಯ ತೀರ್ಥ, ದಂಡೆಯ ಭೂತನಾಥ ಗುಡಿ. ಇವನ್ನು ಹಾರುತ್ತ ಮೇಲಿಂದ ಚಿತ್ರ ತೆಗೆಯುವ ಆಸೆ ಯಾರಿಗಿಲ್ಲ? ಬೆನ್ನಿಗೆ ಎಂಜಿನ್ನು, ತಲೆ ಮೇಲೆ ಬಟ್ಟೆಯ ರೆಕ್ಕೆ, ಹೆಲ್ಮೆಟ್ಟಿಗೆ ಅಂಗೈಯಗಲದ ಕ್ಯಾಮೆರಾ. ಪ್ಯಾರಾಮೋಟರ್ ಚಿತ್ರೀಕರಣ ಅಂದರೆ ಇಷ್ಟೇ. ಜನ ಬಂದರೆ ಖಾನಾವಳಿಗೂ, ಇಳಕಲ್ ಸೀರೆ ಅಂಗಡಿಗೂ ನಾಲ್ಕು ಗಿರಾಕಿ ಹೆಚ್ಚಾದಾರು. ಬೇಡ ಅನ್ನೋರು ಯಾರು?

ಆದರೆ ಫ್ಯಾನು ಇರುವುದು ಹಾರುವವನ ಬೆನ್ನ ಹಿಂದೆ. ಕ್ಯಾಮೆರಾ ಕಳಚಿದರೆ ಗಾಳಿ ಅದನ್ನು ಅಲ್ಲಿಗೇ ಎಳೆದೀತು. ಅದಕ್ಕೇ ಎರಡನೆಯ ದಾರ ಬೇಕು, ಅದೂ ಗಿಡ್ಡ ಇರಬೇಕು. ಉದ್ದವಾದರೆ ದಾರವೇ ಫ್ಯಾನಿಗೆ ಸುತ್ತಿಕೊಂಡೀತು. ನೆಲಕ್ಕೇ ಬಿತ್ತು ಅನ್ನಿ. ನೂರೈವತ್ತು ಗ್ರಾಮಿನ ಡಬ್ಬಿ 300 ಅಡಿ ಮೇಲಿಂದ ಬಿದ್ದರೆ ಗಂಟೆಗೆ ಸುಮಾರು 80 ಕಿ.ಮೀ. ವೇಗ! ನಮ್ಮ ಬಾದಾಮಿ ಬಸ್ಸಿಗೂ ಅಷ್ಟು ಓಟವಿಲ್ಲ ಬಿಡಿ. ಕೆಳಗೆ ತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಣ್ಣುಮಕ್ಕಳ ತಲೆಗೆ ಯಾರು ಹೊಣೆ?

ಕಾರವಾರದಲ್ಲಿ 2020ರ ಅಕ್ಟೋಬರ್ 2ರಂದು ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ಪ್ರಾಣ ಬಿಟ್ಟರು. ಬಯಲು ಕಡಲತೀರದಲ್ಲೇ ಹೀಗಾದರೆ ಬಂಡೆ, ಕರೆಂಟ್ ತಂತಿ, ಮನೆಸಾಲು ತುಂಬಿದ ಬಾದಾಮಿಯ ಗತಿಯೇನು?

ಗುಡಿಗಳ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆ ಅನುಮತಿ ಕೇಳುತ್ತದೆ, ಸರಿ. ಕೆಳಗಿನ ಜನರ ಪರವಾಗಿ ಕೇಳುವವರೂ ಬೇಕಲ್ಲ? ಹಾರುವವರಿಗೆ ಹುನಗುಂದದ ಕಡೆಯ ಬಯಲು ಹೊಲ ತೋರಿಸಲಿ. ಹೊತ್ತು ಮುಂಜಾನೆಯದೋ ಇಳಿಸಂಜೆಯದೋ ಇರಲಿ, ನಡುಹಗಲು ಕಾದ ಕಲ್ಲಿನ ಮೇಲೆ ಗಾಳಿ ನೆಟ್ಟಗಿರುವುದಿಲ್ಲ. ಮೊಬೈಲು ಹಿಡಿದು ಫ್ಯಾನಿನ ಹತ್ತಿರ ಓಡುವ ಹುಡುಗರನ್ನು ತಡೆಯಲು ಹಗ್ಗ ಕಟ್ಟಿ, ಒಬ್ಬ ಪೊಲೀಸನನ್ನು ನಿಲ್ಲಿಸಲಿ. ಬಾಗಲಕೋಟೆಯ ಜಿಲ್ಲಾಡಳಿತ ಇಷ್ಟನ್ನು ಯಾರಾದರೂ ಹಾರುವ ಮೊದಲೇ ಬರೆದಿಡಲಿ.