ಕಾಲೇಜು ಕಟ್ಟಡಕ್ಕೂ ಪರೀಕ್ಷೆಯಿರಲಿ

ವಿದ್ಯಾರ್ಥಿಗಳನ್ನು ವರ್ಷಕ್ಕೆ ಎರಡು ಬಾರಿ ಪರೀಕ್ಷಿಸುವ ಕಾಲೇಜುಗಳು ತಮ್ಮ ಕಟ್ಟಡಗಳನ್ನು ಪರೀಕ್ಷಿಸುವುದು ಅಪರೂಪ. ಹೊಸ ಕಟ್ಟಡವಾದರೆ ಅದರ ಮುಂಭಾಗವನ್ನು ಕಂಡು ಮೆಚ್ಚುತ್ತೇವೆ. ಹಳೆಯ ಹೆಂಚಿನ ಕೊಠಡಿಯಾದರೆ ಕೆಡವಬೇಕೆನ್ನುತ್ತೇವೆ. ಈ ಎರಡು ತೀರ್ಪುಗಳಿಗೂ ಅಳತೆಯ ಆಧಾರವಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಬೆಳೆಗಾರರು ಹೀಗೆ ಮಾಡುವುದಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿದ ಕಾಯನ್ನು ಅಲುಗಿಸಿ, ಒಳಗಿನ ಕೊಬ್ಬರಿ ಗಡಗಡನೆ ಸದ್ದುಮಾಡಿದ ಮೇಲೆಯೇ ಒಣಗಿತೆನ್ನುತ್ತಾರೆ. ಕಟ್ಟಡವನ್ನು ಹಾಗೆ ಒರೆಹಚ್ಚುವ ಬಗೆ ಯಾವುದು?

ಕಟ್ಟಡ ಸುಸ್ಥಿರವೆ ಎಂಬುದನ್ನು ಮೂರು ಲೆಕ್ಕಗಳಿಂದ ತಿಳಿಯಬಹುದು. ಮೊದಲನೆಯದು ವಿದ್ಯುಚ್ಛಕ್ತಿ. ವರ್ಷದ ಯೂನಿಟ್ಟುಗಳನ್ನು ಕೂಡಿಸಿ ನೆಲದ ವಿಸ್ತೀರ್ಣದಿಂದ ಭಾಗಿಸಿದರೆ ಚದರ ಮೀಟರಿಗೆ ತಗಲುವ ವೆಚ್ಚ ದೊರೆಯುತ್ತದೆ.

ಎರಡನೆಯದು ನೀರು. 1000 ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಸುರಿದರೆ 6 ಲಕ್ಷ ಲೀಟರ್ ನೀರಾಯಿತು. ಐದನೆಯ ಒಂದು ಪಾಲು ನಷ್ಟವಾದರೂ 4,80,000 ಲೀಟರ್ ಉಳಿಯುತ್ತದೆ. ಅದನ್ನು ಚರಂಡಿಗೆ ಹರಿಯಬಿಟ್ಟು, ತೋಟಗಳ ಜೀವಾಳವಾದ ಅಂತರ್ಜಲವನ್ನು ಕೊಳವೆ ಬಾವಿಯಿಂದ ಎತ್ತುವುದು ನ್ಯಾಯವಲ್ಲ.

ಮೂರನೆಯದನ್ನು ನಾವು ಮರೆಯುತ್ತೇವೆ: ಗೋಡೆಯಲ್ಲಿ ಅಡಗಿರುವ ಶಕ್ತಿ. ಇಟ್ಟಿಗೆ ಸುಡಲು, ಸಿಮೆಂಟು, ಉಕ್ಕು ತಯಾರಿಸಲು ಅಪಾರ ಉಷ್ಣ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ, ಸುಡದ ಇಟ್ಟಿಗೆಯನ್ನು ಬಳಕೆಗೆ ತಂದರು. ಸುಟ್ಟ ಇಟ್ಟಿಗೆಗೆ ಬೇಕಾಗುವ ಶಕ್ತಿಯ ಸುಮಾರು ನಾಲ್ಕನೆಯ ಒಂದು ಪಾಲು ಇದಕ್ಕೆ ಸಾಕು. ಹಳೆಯ ಕಟ್ಟಡವಾದರೋ ತನ್ನ ಪಾಲಿನ ಶಕ್ತಿಯನ್ನು ಎಂದೋ ವ್ಯಯಮಾಡಿ ನಿಂತಿದೆ. ಅದನ್ನು ಕೆಡವಿ ಮತ್ತೆ ಕಟ್ಟಿದರೆ ಆ ವೆಚ್ಚ ಎರಡನೆಯ ಬಾರಿ ತಗಲುತ್ತದೆ.

ಹಳೆಯದೆಲ್ಲವೂ ಉತ್ತಮವೆಂದು ನಾವು ಹೇಳುವುದಿಲ್ಲ. ಬೆಳಕಿಲ್ಲದ, ಸೋರುವ, ಬಿರುಕುಬಿಟ್ಟ ಕೊಠಡಿಗಳೂ ಉಂಟು. ಆದರೆ ದುರಸ್ತಿಯ ಲೆಕ್ಕ ಮೊದಲು ಬರಬೇಕು, ಕೆಡವುವ ಮಾತು ಅನಂತರ.

ಕಟ್ಟಡಗಳಿಗೆ ಒಂದರಿಂದ ಐದು ನಕ್ಷತ್ರಗಳನ್ನು ನೀಡುವ 'ಗೃಹ' ಪದ್ಧತಿಯನ್ನು ಕೇಂದ್ರ ಸರ್ಕಾರ 2007ರಲ್ಲಿ ರಾಷ್ಟ್ರೀಯ ಮಾನದಂಡವಾಗಿ ಅಂಗೀಕರಿಸಿತು. ಅದು ಸ್ವಾಗತಾರ್ಹವೇ ಸರಿ. ಆದರೆ ನಕ್ಷತ್ರಗಳಿಗಾಗಿ ನಮ್ಮ ಕಾಲೇಜುಗಳು ಕಾದು ಕುಳಿತಿರಬೇಕಾಗಿಲ್ಲ. ವಿದ್ಯುತ್ ಬಿಲ್ಲು, ಅಳತೆಪಟ್ಟಿ, ಉಷ್ಣಮಾಪಕ, ಇಷ್ಟಿದ್ದರೆ ವಿದ್ಯಾರ್ಥಿಗಳೇ ಕೆಲಸ ಆರಂಭಿಸಬಹುದು. ಏಪ್ರಿಲ್ ತಿಂಗಳ ಮಧ್ಯಾಹ್ನ 3 ಗಂಟೆಗೆ ಹೆಂಚಿನ ಕೊಠಡಿಯ ಮತ್ತು ಕಾಂಕ್ರೀಟು ಕೊಠಡಿಯ ತಾಪಗಳನ್ನು ಪ್ರತಿದಿನವೂ ಬರೆದಿಡಲಿ. ಆ ಅಂಕಿಗಳನ್ನು ಪ್ರಕಟಣೆಯ ಹಲಗೆಗೆ ಹಚ್ಚಿದ ಮೇಲೆ, ಯಾವ ಕಟ್ಟಡ ತೇರ್ಗಡೆಯಾಯಿತೆಂಬುದನ್ನು ಎಲ್ಲರೂ ಓದಿಕೊಳ್ಳಬಹುದು.