ಅತ್ತೆಯ ರೇಡಿಯೋ

ಕಣ್ಣು ಕಾಣದ ಅತ್ತೆಯವರಿಗೆ ದಿನಾ ಮೊಬೈಲಿನಲ್ಲಿ ದೇವರನಾಮ ಹಾಕಿಟ್ಟು ನಾನು ಒಗ್ಗರಣೆಗೆ ಓಡುತ್ತಿದ್ದೆ. ಒಂದಿನ ಅವರೇ ಅಂದರು, "ಪುಣ್ಯ ಸಾಕು ಕಣಮ್ಮ, ವಾರ್ತೆ ಹಾಕು!" ಕೇಳಿ ನಾಚಿಕೆಯಾಯಿತು. ಏನು ಬೇಕೆಂದು ನಾನು ಕೇಳಿಯೇ ಇರಲಿಲ್ಲ.

ಸೋದರಿಯರೇ, ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಮೈಸೂರು, ಧಾರವಾಡ ಆಕಾಶವಾಣಿಗಳು ಸಿಗುತ್ತವೆ. ಪಾಡ್‌ಕಾಸ್ಟ್ ಆದರೆ ನಡುವೆ ನಿಲ್ಲಿಸಿ, ಊಟ ಮುಗಿಸಿ ಮುಂದುವರಿಸಬಹುದು. 'ಇಲ್ಲಿ ನೋಡಿ' ಎನ್ನುವ ವಿಡಿಯೋ ಮಾತುಕತೆ ಮಾತ್ರ ಬೇಡ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಹಾಕಿಕೊಡಿ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನ ಹೆಸರು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕೆಲವು ಆ್ಯಪ್‌ಗಳಲ್ಲಿ ಗುಂಡಿಗಳಿಗೆ ಹೆಸರೇ ಇರುವುದಿಲ್ಲ, ಬರೀ 'ಬಟನ್, ಬಟನ್' ಅನ್ನುತ್ತದೆ. ಅಂಥವು ದಂಡ.

ಕಲಿಯಲು 15 ದಿನ ಹಿಡಿಯಿತು, ನನ್ನ ಸಿಡುಕೂ ಸೇರಿ. ಈಗ ಅತ್ತೆಯವರೇ ನಾಟಕ ಹುಡುಕಿಕೊಂಡು, "ಆ ಮಿಕ್ಸಿ ನಿಲ್ಸೇ" ಅಂತಾರೆ.