ಎರವಲು ಗೆರೆ

ಬೆಟ್ಟದ ಸೈಕಲ್ ಹಿಡಿದು ಮಲೆನಾಡಿಗೆ ಹೋಗುವ ನಮ್ಮ ತರುಣರ ಹ್ಯಾಂಡಲ್ಲಿನ ಮೇಲೆ ಈಗ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರ ಕೂತಿರುತ್ತದೆ. ಜಿ.ಪಿ.ಎಸ್. ಬೈಕ್ ಕಂಪ್ಯೂಟರ್ ಎಂದು ಅದರ ಹೆಸರು. ಪುಟ್ಟ ಪರದೆಯಲ್ಲಿ ಒಂದು ಗೆರೆ, ಗೆರೆಯ ಮೇಲೆ ಒಂದು ಬಾಣ. ಬಾಣ ಗೆರೆಯ ಮೇಲಿದ್ದರೆ ಸವಾರ ಕ್ಷೇಮ. ಗೆರೆ ಬಿಟ್ಟು ಸರಿದರೆ ಯಂತ್ರ ಕೀಚೆಂದು ಎಚ್ಚರಿಸುತ್ತದೆ. ಇಷ್ಟೇ ಅದರ ಸಂಸಾರ. ಈ ಯಂತ್ರದ ವಿಚಾರದಲ್ಲಿ ನಮ್ಮಲ್ಲಿ ಎರಡು ಪಂಗಡಗಳಾಗಿವೆ. ಒಂದು ಪಂಗಡಕ್ಕೆ ಅದು ದೇವರು, ಇನ್ನೊಂದಕ್ಕೆ ದೆವ್ವ. ಎರಡೂ ತಪ್ಪು ಎಂಬುದು ನನ್ನ ವಾದ. ಮೊದಲನೆಯ ತಪ್ಪು ಪ್ರಾಣಕ್ಕೆ ಸಂಚಕಾರ ತರುವಂಥದು. ಆದುದರಿಂದ ನನ್ನ ಜಗಳ ಹೆಚ್ಚಾಗಿ ಅದರೊಡನೆ. ಆದರೆ ಎರಡನೆಯವರ ಬಾಕಿಯನ್ನು ಮೊದಲು ತೀರಿಸಿಬಿಡುತ್ತೇನೆ.

ಇವರು ರಸಿಕರು. ದಾರಿ ತಪ್ಪುವುದರಲ್ಲಿಯೇ ಪ್ರವಾಸದ ಸುಖವಿದೆ, ಯಂತ್ರ ಬಂದು ಆ ಸುಖವನ್ನು ಕದ್ದುಕೊಂಡಿತು ಎಂಬುದು ಇವರ ದೂರು. ದಾರಿ ತಪ್ಪಿದ ಸುಖವನ್ನು ಹಾಡಿದವರೆಲ್ಲರೂ ಕ್ಷೇಮವಾಗಿ ಮನೆಗೆ ಬಂದು, ಬಿಸಿನೀರಿನ ಸ್ನಾನ ಮಾಡಿ, ಕಾಫಿ ಕುಡಿದ ಮೇಲೆ ಹಾಡಿದವರು. ಕಾರ್ತಿಕಮಾಸದ ಸಂಜೆ ಆರೂವರೆಗೆಲ್ಲ ಕತ್ತಲಾದ ಕಾಡಿನಲ್ಲಿ, ಜಿಗಣೆ ಹತ್ತಿದ ಕಾಲಿನೊಡನೆ, ದಾರಿಯಲ್ಲಿ ಬಿದ್ದ ಆನೆಯ ಲದ್ದಿ ಬಿಸಿಯಾಗಿದೆಯೋ ಆರಿದೆಯೋ ಎಂದು ಬಗ್ಗಿ ನೋಡುವವನು ರಸವರ್ಣನೆ ಮಾಡಿದ್ದನ್ನು ನಾನಂತೂ ಕೇಳಿಲ್ಲ. ಅಲ್ಲದೆ, ಪಟ್ಟಣದವನೊಬ್ಬ ದಾರಿ ತಪ್ಪಿದರೆ ಟಾರ್ಚು ಹಿಡಿದು ಹುಡುಕಲು ಹೊರಡುವವರು ಯಾರು? ಹಗಲೆಲ್ಲ ತೋಟದಲ್ಲಿ ದುಡಿದ ಆಳುಗಳು, ಅರಣ್ಯ ಇಲಾಖೆಯ ವಾಚರುಗಳು. ಒಬ್ಬನ ಸುಖಕ್ಕೆ ಹತ್ತು ಮಂದಿಯ ನಿದ್ರೆಯನ್ನು ಕಂದಾಯವಾಗಿ ಕೇಳುವ ರಸಿಕತೆ ನನಗೆ ಬೇಡ.

ರಸಿಕರು ಇತಿಹಾಸವನ್ನೂ ಸಾಕ್ಷಿಗೆ ಕರೆಯುತ್ತಾರೆ. ಬೆಟ್ಟದ ಸೈಕಲ್ ಸವಾರಿ ಒಂದು ಕ್ರೀಡೆಯಾಗಿ ಬೆಳೆದ ಮುಖ್ಯ ಜಾಗ ಅಮೆರಿಕದ ಕ್ಯಾಲಿಫೋರ್ನಿಯದ ಮರಿನ್ ಕೌಂಟಿ. ಅಲ್ಲಿ 1976ರ ಅಕ್ಟೋಬರ್ 21ರಂದು ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಹತ್ತಿ ಗುಡ್ಡದ ಮಣ್ಣುರಸ್ತೆಯೊಂದರಲ್ಲಿ ಇಳಿಯುವ ಪಂದ್ಯ ನಡೆಸಿದರು. ಸುಮಾರು ಎರಡು ಮೈಲಿಯಲ್ಲಿ 1300 ಅಡಿ ಇಳಿಜಾರು. ಕೆಳಗೆ ತಲುಪುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಮತ್ತೆ ಮತ್ತೆ ಹೊಸ ಗ್ರೀಸು ತುಂಬಬೇಕಾದ್ದರಿಂದ ಆ ಇಳಿಜಾರಿಗೆ 'ರೀಪ್ಯಾಕ್' ಎಂದೇ ಹೆಸರಾಯಿತು. "ಅವರಿಗೆ ಯಾವ ಯಂತ್ರವಿತ್ತು?" ಎಂದು ರಸಿಕರು ಕೇಳುತ್ತಾರೆ. ಇರಲಿಲ್ಲ, ನಿಜ. ಆದರೆ ಅದು ಅವರ ಊರಿನ ಗುಡ್ಡ. ಒಂದೊಂದು ತಿರುವೂ ಅವರಿಗೆ ಬಾಯಿಪಾಠ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಶನಿವಾರ ಬೆಳಗ್ಗೆ ಕಂಡರಿಯದ ಕಣಿವೆಯಲ್ಲಿ ಸೈಕಲ್ ಇಳಿಸುವವನಿಗೆ ಆ ಬಾಯಿಪಾಠ ಎಲ್ಲಿಂದ ಬರಬೇಕು? ನೆನಪಿಲ್ಲದವನಿಗೆ ನೆನಪಿನ ಬದಲು ಏನಾದರೊಂದು ಬೇಕೇ ಬೇಕು. ಯಂತ್ರ ಇರಲಿ. ರಸಿಕರ ಬಾಕಿ ಇಲ್ಲಿಗೆ ತೀರಿತು.

ಇನ್ನು ಭಕ್ತರ ವಿಚಾರ. ಅವರೊಡನೆ ವಾದಕ್ಕಿಳಿಯುವ ಮುನ್ನ ಯಂತ್ರ ಮಾಡುವುದೇನು ಎಂಬುದನ್ನು ತಿಳಿದಿರುವುದು ಒಳ್ಳೆಯದು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಾವಿರುವ ಜಾಗವನ್ನೂ ಆಗಿನ ಹೊತ್ತನ್ನೂ ಸಾರುತ್ತಿರುತ್ತವೆ. ಸಂಕೇತ ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ಇರುವ ಅಂತರದಿಂದ ಯಂತ್ರ ದೂರವನ್ನು ಎಣಿಸುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ಕೈಗೆ ಸಿಕ್ಕರೆ ತಾನಿರುವ ಜಾಗವನ್ನು ಕಂಡುಕೊಳ್ಳುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುವಂಥ ಸೂಕ್ಷ್ಮ ಲೆಕ್ಕ ಇದು. ಅಮೆರಿಕದ ಸೇನೆಗಾಗಿ ಕಟ್ಟಿದ ವ್ಯವಸ್ಥೆ. ಸಾರ್ವಜನಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿಡುವ ಪದ್ಧತಿ 2000ದ ಮೇ ತಿಂಗಳಿನಲ್ಲಿ ನಿಂತ ಮೇಲೆ ಅದು ಸೈಕಲ್ ಸವಾರನಿಗೂ ನಿಜವಾಗಿ ಉಪಯೋಗಕ್ಕೆ ಬಂತು. ಬಯಲಿನಲ್ಲಿ ಸುಮಾರು ಐದು ಮೀಟರಿನ ಹೆಚ್ಚುಕಡಿಮೆಯಲ್ಲಿ ಅದು ನಮ್ಮನ್ನು ಗುರುತಿಸುತ್ತದೆ. ಇಂಥ ವಿದ್ಯೆಗೆ ಕೈಮುಗಿಯಲು ನಾನೂ ಸಿದ್ಧ.

ಆದರೆ ಅದು ಉತ್ತರ ಹೇಳುವುದು ಒಂದೇ ಪ್ರಶ್ನೆಗೆ: 'ನಾನೆಲ್ಲಿದ್ದೇನೆ?' ಆ ಉತ್ತರವೂ ಕಾಡಿನಲ್ಲಿ ಸ್ವಲ್ಪ ತೊದಲುತ್ತದೆ. ದಟ್ಟವಾದ ಮರಗಳು ಸಂಕೇತವನ್ನು ಕುಗ್ಗಿಸುತ್ತವೆ. ಕಡಿದಾದ ಕಣಿವೆ ಆಕಾಶದ ಅರ್ಧವನ್ನೇ ಮುಚ್ಚುತ್ತದೆ. ಬಂಡೆಗೆ ಬಡಿದು ಬಂದ ಸಂಕೇತ ಸುಳ್ಳು ದೂರ ಹೇಳುತ್ತದೆ. ಕಾಲುದಾರಿ ಎರಡಾಗಿ ಕವಲೊಡೆಯುವ ಕಡೆ ಮೊದಲ ಹತ್ತು ಹೆಜ್ಜೆಗಳಲ್ಲಿ ಎರಡು ಕವಲುಗಳ ನಡುವಣ ಅಂತರ ಯಂತ್ರದ ತಪ್ಪಿಗಿಂತ ಕಡಿಮೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿರುವವನು ಐದು ಸೆಕೆಂಡಿನಲ್ಲಿ 40 ಮೀಟರ್ ದಾಟಿರುತ್ತಾನೆ. ಯಂತ್ರ ಕೀಚೆನ್ನುವ ಹೊತ್ತಿಗೆ ಅವನು ಬೇರೊಂದು ದಾರಿಯ ಪಾಲಾಗಿರುತ್ತಾನೆ. ಇದು ಸಣ್ಣ ದೋಷ. ನಿಂತು, ತಿರುಗಿ ಹತ್ತಿದರೆ ತೀರಿತು. ನಾನು ಹೇಳಹೊರಟ ದೋಷ ಯಂತ್ರದ್ದಲ್ಲ, ನಮ್ಮದು.

ಪರದೆಯ ಮೇಲಿನ ಆ ಗೆರೆ ಎಲ್ಲಿಂದ ಬಂತು? ಉಪಗ್ರಹ ಅದನ್ನು ಎಳೆಯಲಿಲ್ಲ. ಯಾವನೋ ಒಬ್ಬ ಯಾವತ್ತೋ ಒಂದು ದಿನ ಅಲ್ಲಿ ಓಡಾಡಿದ. ಅವನ ಯಂತ್ರ ಸೆಕೆಂಡಿಗೊಂದರಂತೆ ಚುಕ್ಕೆಯಿಡುತ್ತ ಹೋಯಿತು. ಚುಕ್ಕೆಗಳು ಸೇರಿ ಗೆರೆಯಾಯಿತು. ಗೆರೆಯನ್ನು ಅವನು ಊರಿಗೆಲ್ಲ ಹಂಚಿದ. ನಾವು ಅದನ್ನು ಎರವಲು ತಂದೆವು. ಎಂದರೆ ಅದು ದಾರಿಯಲ್ಲ, ಒಬ್ಬನ ಒಂದು ದಿನದ ಹೆಜ್ಜೆಗುರುತು. ಅವನು ತೋಟದ ಯಜಮಾನರ ನೆಂಟನಾಗಿದ್ದು ಗೇಟಿನೊಳಗೆ ಹೋಗಿರಬಹುದು. ಅರ್ಧ ದೂರ ಸೈಕಲ್ಲನ್ನು ಹೆಗಲ ಮೇಲೆ ಹೊತ್ತಿರಬಹುದು. ತಾನೇ ದಾರಿ ತಪ್ಪಿ ಅಲೆದಿರಲೂಬಹುದು. ಗೆರೆಗೆ ಇದಾವುದೂ ಗೊತ್ತಿಲ್ಲ. ಅವನ ಅನುಮಾನಗಳೆಲ್ಲ ಅಳಿಸಿಹೋಗಿ, ಹೆದ್ದಾರಿಯಷ್ಟೇ ಠೀವಿಯಿಂದ ಅದು ಪರದೆಯ ಮೇಲೆ ಮಲಗಿರುತ್ತದೆ. ಅಭಯಾರಣ್ಯಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಅನುಮತಿಯಿಲ್ಲದೆ ಹೋಗಕೂಡದೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಗೆರೆ ಆ ಗಡಿಯನ್ನು ಸದ್ದಿಲ್ಲದೆ ದಾಟುತ್ತದೆ. ಗೆರೆ ಬಿಟ್ಟರೆ ಕೀಚೆನ್ನುವ ಯಂತ್ರ ಕಾನೂನು ಬಿಟ್ಟರೆ ಸುಮ್ಮನಿರುತ್ತದೆ.

ನನ್ನ ಮಾತಿಗೆ ಆಧಾರ ನಾನೇ ಮಾಡಿದ ಮೂರ್ಖತನ. ಕೆಲವು ವರ್ಷಗಳ ಹಿಂದೆ ನವೆಂಬರಿನಲ್ಲಿ ನಾವು ಮೂವರು ಮೂಡಿಗೆರೆಯ ಆಚೆ ಘಟ್ಟದಂಚಿನ ಒಂದು ಕಣಿವೆಗೆ ಇಳಿದೆವು. ಗೆರೆ ಎರವಲಿನದು. ಕೊನೆಯ ಮನೆಯ ಅಂಗಳದ ಮಗ್ಗುಲಲ್ಲೇ ಹಾದುಹೋದೆವು. ಅಡಿಕೆ ಸುಲಿಯುತ್ತ ಕೂತಿದ್ದ ಮನೆಯವರು ತಲೆಯೆತ್ತಿ ನೋಡಿದರು. ನಾವು ಕೈಬೀಸಿ ಮುಂದೆ ನಡೆದೆವು. ಬಾಣ ಗೆರೆಯ ಮೇಲಿತ್ತು, ಕೇಳುವುದೇನಿದೆ? ಎರಡು ಮೈಲಿ ಇಳಿದ ಮೇಲೆ ಹಳ್ಳ ಅಡ್ಡ ಬಂತು. ಗೆರೆ ಅದನ್ನು ನೆಟ್ಟಗೆ ದಾಟಿತ್ತು. ಕಾಲುಸಂಕವಿದ್ದ ಗುರುತಿಗೆ ಎರಡು ದಡದಲ್ಲೂ ಕಲ್ಲಿನ ಕಟ್ಟೆಯಿತ್ತು. ಮೇಲೆ ಹಾಸಿದ್ದ ಅಡಿಕೆಮರದ ದಬ್ಬೆಗಳು ಆ ವರ್ಷದ ಮಳೆಯಲ್ಲಿ ಕೊಚ್ಚಿಹೋಗಿದ್ದವು. ಹಿಂದಿರುಗಬೇಕಾಗಿತ್ತು. ಆದರೆ ಇನ್ನು ಆರೇ ಕಿಲೋಮೀಟರ್ ಎಂದು ಪರದೆ ತೋರಿಸುತ್ತಿತ್ತು. ನಮ್ಮಲ್ಲಿ ಕಿರಿಯವನು ಸೈಕಲ್ಲನ್ನು ಹೆಗಲಿಗೇರಿಸಿ ನೀರಿಗಿಳಿದ. ಪಾಚಿಗಲ್ಲಿನ ಮೇಲೆ ಕಾಲು ಜಾರಿತು. ಎರಡು ಬಂಡೆಗಳ ನಡುವೆ ಸಿಕ್ಕಿ ಮೂಳೆ ಮುರಿಯಿತು.

ಕಣಿವೆಯಲ್ಲಿ ಫೋನಿಗೆ ಜೀವವಿರಲಿಲ್ಲ. ಯಂತ್ರ ತೋರಿಸಿದ ಅಕ್ಷಾಂಶ ರೇಖಾಂಶಗಳನ್ನು ಅಂಗೈಮೇಲೆ ಬರೆದುಕೊಂಡು ಗುಡ್ಡ ಹತ್ತಿ, ಚಿಕ್ಕಮಗಳೂರಿನ ಸ್ನೇಹಿತರೊಬ್ಬರಿಗೆ ಓದಿ ಹೇಳಿದೆ. ದಶಮಾಂಶದ ಐದನೆಯ ಅಂಕೆ ಎಂದರೆ ನೆಲದ ಮೇಲೆ ಸುಮಾರು ಒಂದು ಮೀಟರ್, ಅಷ್ಟು ಖಚಿತ. ಅವರು ನಕ್ಷೆ ನೋಡಿ, ಯಾವ ಎಸ್ಟೇಟಿನ ಅಂಚೆಂದು ಗುರುತಿಸಿ, ಅಲ್ಲಿಯ ರೈಟರಿಗೆ ಫೋನು ಮಾಡಿದರು. ರೈಟರಿಗೆ ಅಂಕೆಗಳಿಂದ ಏನೂ ತಿಳಿಯಲಿಲ್ಲ. ಹಳ್ಳದ ದಡ ಎಂದ ಕೂಡಲೇ, "ಸಂಕ ಹೋಯ್ತಲ್ಲ, ಅಲ್ಲಾ ಮಾರಾಯ್ರೇ? ಅಲ್ಲೇ ಇರ್ಲಿ, ಜನ ಕಳಿಸ್ತೇನೆ" ಎಂದರಂತೆ. ಕತ್ತಲಾಗುವ ಮುನ್ನ ನಾಲ್ವರು ಬಿದಿರಿನ ಗಳು, ಕಂಬಳಿ ಹಿಡಿದು ಬಂದರು. ಅಂಕೆಗಳಿಲ್ಲದಿದ್ದರೆ ನಾವು ರೈಟರಿಗೆ ಸಿಕ್ಕುತ್ತಿರಲಿಲ್ಲ. ರೈಟರಿಲ್ಲದಿದ್ದರೆ ಅಂಕೆಗಳು ಕೆಲಸಕ್ಕೆ ಬರುತ್ತಿರಲಿಲ್ಲ. ಬಂದವರಲ್ಲಿ ಒಬ್ಬರು ಆ ಕೊನೆಯ ಮನೆಯವರು. "ನಮ್ಮನೆ ಮುಂದೇ ಹೋದ್ರಲ್ಲ, ಒಂದು ಮಾತು ಕೇಳಿದ್ರೆ ಹೇಳ್ತಿದ್ವಿ" ಎಂದಷ್ಟೇ ಅಂದರು. ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು. ಗೆರೆ ಬರೆದವನು ಅಲ್ಲಿಗೆ ಬೇಸಗೆಯಲ್ಲಿ ಬಂದಿದ್ದನೆಂಬುದೂ ಆಗ ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲವೆಂಬುದೂ ನನಗೆ ತಿಳಿದದ್ದು ಆಮೇಲೆ.

ಭಕ್ತರು ಇದಕ್ಕೆ ಒಂದು ಸಮಾಧಾನ ಹೇಳಿಯಾರು: ಯಂತ್ರಗಳು ಸುಧಾರಿಸುತ್ತಿವೆ, ಎರಡು ಕಂಪನಾಂಕಗಳಲ್ಲಿ ಸಂಕೇತ ಹಿಡಿಯುವ ಹೊಸ ಯಂತ್ರಗಳು ಕಾಡಿನಲ್ಲೂ ಮೊದಲಿಗಿಂತ ಚೆನ್ನಾಗಿ ಗುರಿ ಹಿಡಿಯುತ್ತವೆ ಎಂದು. ಹಿಡಿಯಲಿ, ಸಂತೋಷ. ಆದರೆ ನಮ್ಮ ಹುಡುಗನ ಕಾಲು ಮುರಿದದ್ದು ಐದು ಮೀಟರಿನ ತಪ್ಪಿನಿಂದಲ್ಲ. ಗೆರೆ ಕಾಲುಸಂಕವಿದ್ದ ಜಾಗದ ಮೇಲೆ ಸರಿಯಾಗಿಯೇ ಹಾದಿತ್ತು. ಸಂಕ ಮಾತ್ರ ಇರಲಿಲ್ಲ. ನಾಳೆ ಯಂತ್ರ ಒಂದು ಅಂಗುಲದ ಮಟ್ಟಿಗೆ ಖಚಿತವಾದರೆ, ಹಳೆಯ ಗೆರೆ ನಮ್ಮನ್ನು ಒಂದು ಅಂಗುಲದ ಮಟ್ಟಿಗೆ ಖಚಿತವಾಗಿ ಅದೇ ನೀರಿಗೆ ಇಳಿಸುತ್ತದೆ. ಸಕಲೇಶಪುರ, ಆಲೂರುಗಳ ಕಡೆ ಇವತ್ತು ಆನೆ ಎಲ್ಲಿದೆ ಎಂಬುದು ಊರವರ ಫೋನಿಗೆ ಸಂದೇಶವಾಗಿ ಬರುತ್ತದೆ. ಹೋದ ವರ್ಷದ ಗೆರೆಗೆ ಆ ಸುದ್ದಿ ಬರುವುದಿಲ್ಲ.

ಹಾಗಾದರೆ ಯಂತ್ರ ಬಿಟ್ಟು ಜನರನ್ನೇ ಕೇಳಿಕೊಂಡು ಹೋಗಬಾರದೇಕೆ ಎಂದರೆ, ಜನ ಎಲ್ಲ ಕಡೆಯೂ ಸಿಕ್ಕುವುದಿಲ್ಲ. ಕೇಳುವ ಕ್ರಮವೂ ನಮಗೆ ಗೊತ್ತಿಲ್ಲ. 'ಈ ದಾರಿ ಅಲ್ಲಿಗೆ ಹೋಗುತ್ತದೆಯೆ?' ಎಂದರೆ ಮಲೆನಾಡಿನ ದಾಕ್ಷಿಣ್ಯ 'ಹೌದು' ಎಂದೇ ಹೇಳುತ್ತದೆ, ಹೋಗುವುದೂ ನಿಜವೇ. 'ಮಳೆ ಬಿಟ್ಟ ಮೇಲೆ ಯಾರಾದರೂ ಆ ಕಡೆ ಹೋಗಿ ಬಂದಿದ್ದಾರೆಯೆ?' ಎಂದು ಕೇಳಬೇಕು. ಹಾಗೆ ಕೇಳಬೇಕಾದರೆ ಹೋಗುವ ಕಡೆ ಹಳ್ಳವೆಷ್ಟು, ಗೇಟೆಷ್ಟು ಎಂಬುದು ಮೊದಲು ನಮಗೆ ತಿಳಿದಿರಬೇಕು.

ಆದುದರಿಂದ ಗೆರೆಯನ್ನು ನಾವೇ ಎಳೆಯಬೇಕು ಎಂಬುದು ನನ್ನ ಹಟ. ಹೊರಡುವ ಹಿಂದಿನ ರಾತ್ರಿ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆಯನ್ನೂ ಉಪಗ್ರಹದ ಚಿತ್ರವನ್ನೂ ಮುಂದಿಟ್ಟುಕೊಂಡು ಕೂರಬೇಕು. ಎತ್ತರದ ಗೆರೆಗಳು ಎಲ್ಲಿ ಒತ್ತಾಗಿವೆ, ಅರಣ್ಯದ ಗಡಿ ಎಲ್ಲಿದೆ, ತೋಟ ಯಾರದು ಎಂದು ನೋಡಬೇಕು. ಹಳ್ಳ, ಕವಲು, ಗೇಟುಗಳನ್ನು ಒಂದೊಂದಾಗಿ ಗುರುತು ಹಾಕಿ ಯಂತ್ರಕ್ಕೆ ತುಂಬಬೇಕು. ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗತಕ್ಕದ್ದೆಂದು ಮೊದಲೇ ನಿಶ್ಚಯಿಸಬೇಕು. ಕೊನೆಯ ಮನೆಯ ಮುಂದೆ ಸೈಕಲ್ ಇಳಿಯಬೇಕು. ಪರರ ಗೆರೆ ಕೈಗೆ ಸಿಕ್ಕಿದ್ದರೆ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಸಾಕ್ಷಿಯಾಗಿ ಮಾತ್ರ, ತೀರ್ಪಾಗಿ ಅಲ್ಲ. ಹೀಗೆ ಕೂತವನಿಗೆ ಸಂಕವಿಲ್ಲದ ಹಳ್ಳ ಎದುರಾದರೂ, ಅದಕ್ಕೆ ಪರ್ಯಾಯವಾಗಿ ಮೇಲಿನ ಎತ್ತಿನಗಾಡಿ ದಾರಿ ಎಲ್ಲಿದೆಯೆಂಬುದು ನೆನಪಿರುತ್ತದೆ. ಎರವಲು ತಂದವನಿಗೆ ಗೆರೆಯ ಎಡಬಲಕ್ಕೆ ಲೋಕವೇ ಇರುವುದಿಲ್ಲ.

ಗೆರೆ ಹಂಚುವ ಉದಾರಿಗಳಿಗೂ ಒಂದು ಮಾತು. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಚಾರಣಿಗರು ನೆರೆದಾಗ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದ ದಾರಿಗಳನ್ನೆಲ್ಲ ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿಸಿತು. ಒಂದು ದಾರಿಯಲ್ಲಿ ಆದ ನೂಕುನುಗ್ಗಲಿಗೆ ಹತ್ತಾರು ದಾರಿಗಳು ದಂಡ ತೆತ್ತವು. ಯಾರದೋ ಅಂಗಳದಲ್ಲಿ ಒಂದು ದಿನ ವಿಶ್ವಾಸದಿಂದ ಬಿಟ್ಟುಕೊಂಡದ್ದನ್ನು ಊರಿಗೆಲ್ಲ ಹಕ್ಕಾಗಿ ಹಂಚಿದರೆ, ಮಾರನೆಯ ವರ್ಷ ಅಲ್ಲಿ ಬೇಲಿ ಎದ್ದಿರುತ್ತದೆ; ತಪ್ಪು ಬೇಲಿ ಹಾಕಿದವರದಲ್ಲ. ಹಂಚಲೇಬೇಕಾದರೆ ಯಾವ ತಿಂಗಳಲ್ಲಿ ಹೋದಿರಿ, ಯಾರನ್ನು ಕೇಳಿ ಹೋದಿರಿ, ಎಲ್ಲಿ ಸೈಕಲ್ ಹೊತ್ತಿರಿ, ಎಲ್ಲಿ ತಪ್ಪಿದಿರಿ ಎಂಬುದನ್ನು ಜೊತೆಗೆ ಬರೆಯಿರಿ. ಬರೆಯಲು ಬೇಸರವಾದರೆ ಹಂಚಬೇಡಿ. ತಾರೀಖಿಲ್ಲದ ಗೆರೆ ಸಹಿಯಿಲ್ಲದ ಕಾಗದದಂತೆ. ನಂಬಿದವನಿಗೆ ನಷ್ಟವಾದರೆ ಕೇಳುವುದಕ್ಕೆ ಯಾರೂ ಇರುವುದಿಲ್ಲ.

ಆ ಹುಡುಗ ಈಗ ಮತ್ತೆ ಸೈಕಲ್ ಹತ್ತುತ್ತಾನೆ. ಹೋದ ಫೆಬ್ರವರಿಯಲ್ಲಿ ಅದೇ ಕಣಿವೆಗೆ ಹೋಗಿದ್ದೆವು. ಕೊನೆಯ ಮನೆಯಲ್ಲಿ ಇಳಿದು, ಬೆಲ್ಲದ ಕಾಫಿ ಕುಡಿದು, ಸಂಕಕ್ಕೆ ಹೊಸ ದಬ್ಬೆ ಹಾಕಿದ್ದಾರೆಂದು ಕೇಳಿ ತಿಳಿದು ಮುಂದೆ ಹೋದೆವು. ಯಂತ್ರ ಅದೇ. ಗೆರೆ ಮಾತ್ರ ನಮ್ಮದು. ಅದರ ತಲೆಯ ಮೇಲೆ ತಾರೀಖಿದೆ.